ಬುಷ್‌ಫೈರ್ ಆದಮೇಲೆ ಊರು ಮತ್ತೆ ಊರಾಗುವುದು ಹೇಗೆ? ಕಿಂಗ್‌ಲೇಕ್ ಕಡೆ ಗೊತ್ತಿರುವವರು ಹೇಳಿ

ವಿನಯ್_ಮೆಲ್ಬರ್ನ್

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನಿನ ಈಶಾನ್ಯಕ್ಕೆ, ಕಿಂಗ್‌ಲೇಕ್ ಬೆಟ್ಟದ ಮೇಲೆ ಒಂದೆರಡು ಎಕರೆ ಜಾಗ ಇರುವ ಮನೆ ಹುಡುಕುತ್ತಿದ್ದೇವೆ. ಸಿಟಿಯಿಂದ ಸುಮಾರು ಒಂದು ಗಂಟೆ ದಾರಿ, ತಂಪು ಹವಾ, ಸುತ್ತ ಕಾಡು. ರೇಟೂ ಪರವಾಗಿಲ್ಲ.

ಆದರೆ 2009ರ ಫೆಬ್ರವರಿ 7ರಂದು, ಇಲ್ಲಿನವರು ಬ್ಲ್ಯಾಕ್ ಸ್ಯಾಟರ್ಡೇ ಅನ್ನುವ ಆ ಶನಿವಾರ, ಕಾಡ್ಗಿಚ್ಚಿನಿಂದ ಜಾಸ್ತಿ ಪೆಟ್ಟು ತಿಂದ ಊರುಗಳಲ್ಲಿ ಇದೂ ಒಂದು. ವಿಕ್ಟೋರಿಯಾ ರಾಜ್ಯದಲ್ಲಿ ಒಟ್ಟು 173 ಜನ ತೀರಿಕೊಂಡರು, ಎರಡು ಸಾವಿರಕ್ಕೂ ಹೆಚ್ಚು ಮನೆ ಸುಟ್ಟವು. ನಾನು ಈ ದೇಶಕ್ಕೆ ಬಂದಿದ್ದು ಅದಾದಮೇಲೆ. ಮನೆ ತೋರಿಸಿದ ಏಜೆಂಟ್ "ಅದೆಲ್ಲ ಹಳೇ ಕತೆ" ಅಂದುಬಿಟ್ಟರು.

ನಿಜವಾಗಿಯೂ ಹಳೇ ಕತೆಯಾ? ಅಲ್ಲಿನ ಜನ ಹೇಗೆ ಚೇತರಿಸಿಕೊಂಡರು? ಅಂಥ ಊರಿಗೆ ಹೊಸಬರಾಗಿ ಹೋಗುವವರಿಗೆ ಏನೇನು ಗೊತ್ತಿರಬೇಕು?

ಸುಮಾ_ಎಲ್ಥಂ

ವಿನಯ್, ಏಜೆಂಟ್ ಮಾತು ಬಿಡಿ. ಅವರಿಗೆ ಮನೆ ಮಾರಬೇಕು, ಅಷ್ಟೇ.

ನಾವು ಮೆಲ್ಬರ್ನಿನ ಎಲ್ಥಂ ಬಡಾವಣೆಯಲ್ಲಿ ಇರುವುದು 2009ಕ್ಕೂ ಮುಂಚಿನಿಂದ. ನಾನು ನರ್ಸು. ಬೆಟ್ಟದಿಂದ ಇಳಿದು ಬಂದ ಕುಟುಂಬಗಳ ಜೊತೆ ಆಮೇಲೆ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆ ವರ್ಷ ಜನವರಿ ಕೊನೆಯಲ್ಲಿ ಮೂರು ದಿನ ಸತತ 43 ಡಿಗ್ರಿ ದಾಟಿತ್ತು. ನೆಲದಲ್ಲಿ ಪಸೆಯೇ ಇರಲಿಲ್ಲ. ಫೆಬ್ರವರಿ 7ಕ್ಕೆ ಮೆಲ್ಬರ್ನಿನಲ್ಲಿ 46.4 ಡಿಗ್ರಿ, ಬೆಳಿಗ್ಗೆಯಿಂದಲೇ ಉತ್ತರದ ಬಿಸಿಗಾಳಿ. ಮಧ್ಯಾಹ್ನ ಆಗುವ ಹೊತ್ತಿಗೆ ಕಿಲ್ಮೋರ್ ಈಸ್ಟಿನಲ್ಲಿ ವಿದ್ಯುತ್ ತಂತಿ ತುಂಡಾಗಿ ಬೆಂಕಿ ಹತ್ತಿತು. ಗಾಳಿ ಹೋದ ಕಡೆಗೇ ಉದ್ದಕ್ಕೆ ಓಡಿತು. ಸಂಜೆ ಗಾಳಿ ನೈಋತ್ಯದಿಂದ ಬೀಸತೊಡಗಿತು. ಸಿಟಿಯಲ್ಲಿದ್ದ ನಮಗೆಲ್ಲ ಅಬ್ಬಾ ತಂಪಾಯಿತು ಅನ್ನಿಸಿತು. ಬೆಟ್ಟದಲ್ಲಿ ಆಗಿದ್ದೇ ಬೇರೆ. ಅಷ್ಟುದ್ದ ಓಡಿದ್ದ ಬೆಂಕಿಯ ಇಡೀ ಪಕ್ಕೆ ಒಮ್ಮೆಲೇ ಮುಖವಾಗಿ ತಿರುಗಿತು. ಕಿಂಗ್‌ಲೇಕ್ ಅದರ ದಾರಿಯಲ್ಲಿ ಸಿಕ್ಕಿತು. ಪೂರ್ವಕ್ಕೆ ಮೇರೀಸ್‌ವಿಲ್ ಸುಟ್ಟದ್ದು ಬೇರೆ ಬೆಂಕಿಯಲ್ಲಿ, ಆದರೆ ಅದೇ ಸಂಜೆ, ಅದೇ ಗಾಳಿ ತಿರುಗಿದಾಗ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಮೊದಲ ಕೆಲವು ವಾರ ಎಲ್ಲರೂ ಒಂದೇ. ಬಡವ ಬಲ್ಲಿದ ಅಂತಿಲ್ಲ, ಸಾಲಾಗಿ ನಿಂತು ಸೂಪ್ ಕುಡಿಯುತ್ತಾರೆ, ಅಳುತ್ತಾರೆ, ನಗುತ್ತಾರೆ. ಹೊರಗಿನವರು ನೋಡಿ "ಎಂಥ ಒಗ್ಗಟ್ಟು" ಅನ್ನುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ವಿಮೆ ಇದ್ದವರು, ಇಲ್ಲದವರು. ಮನೆ ಹೋದವರು, ಬರೀ ಕೊಟ್ಟಿಗೆ ಹೋದವರು. ಸ್ವಂತ ಮನೆಯವರಿಗೆ ಒಂದು ಲೆಕ್ಕ, ಬಾಡಿಗೆಯವರಿಗೆ ಒಂದು ಲೆಕ್ಕ. ಅದರಲ್ಲೂ ಮನೆ ಉಳಿದವರ ಪಾಡು ಯಾರೂ ಕೇಳುವುದಿಲ್ಲ. ಸುತ್ತ ನಾಲ್ಕೂ ಮನೆ ಬೂದಿ, ನಡುವೆ ಇವರದೊಂದು ನಿಂತಿದೆ. ಒಬ್ಬ ಹೆಂಗಸು ನನ್ನ ಹತ್ತಿರ ಹೇಳಿದ್ದರು, ಅಂಗಡಿಗೆ ಹೋಗಲೇ ನಾಚಿಕೆಯಾಗುತ್ತದೆ ಅಂತ. ಆಕೆಗೆ ಸಹಾಯಧನ ಏನೂ ಸಿಕ್ಕಿರಲಿಲ್ಲ. ಕೇಳಲೂ ಇಲ್ಲ.

ಇನ್ನು ಬಟ್ಟೆಗಳ ಕತೆ. ದೇಶದ ಮೂಲೆ ಮೂಲೆಯಿಂದ ಸಾಮಾನು ಬಂತು, 40,000ಕ್ಕೂ ಹೆಚ್ಚು ಪ್ಯಾಲೆಟ್ (ಸಾಮಾನು ಪೇರಿಸಿ ಸಾಗಿಸುವ ಮರದ ಹಲಗೆ) ತುಂಬ. ಇಡಲು ಜಾಗ ಇಲ್ಲದೆ ಗೋದಾಮು ಹಿಡಿದರು. ಸಾಗಿಸಿ, ವಿಂಗಡಿಸಿ, ಇಟ್ಟುಕೊಳ್ಳಲು ಸರ್ಕಾರಕ್ಕೆ 80 ಲಕ್ಷ ಡಾಲರಿಗೂ ಮೀರಿ ಖರ್ಚು. ನಮ್ಮವರೂ ಮನೆ ಮನೆ ತಿರುಗಿ ಬಟ್ಟೆ ಒಟ್ಟು ಮಾಡಿದೆವು, ಒಳ್ಳೆ ಮನಸ್ಸಿನಿಂದಲೇ. ನಾನು ವಿಂಗಡಿಸಲು ಕೂತ ಒಂದು ಪೆಟ್ಟಿಗೆಯಲ್ಲಿ ಒಂಟಿ ಬೂಟು, ಹರಿದ ಈಜುಡುಗೆ, ಯಾರದೋ ಮದುವೆಯ ಸೂಟು ಇತ್ತು. ಬೆಟ್ಟದವರಿಗೆ ಬೇಕಾಗಿದ್ದು ಜನರೇಟರ್, ಚೈನ್ ಸಾ, ನೀರಿನ ಟ್ಯಾಂಕು, ಕೈಯಲ್ಲಿ ದುಡ್ಡು. ಇವತ್ತಿಗೂ ಯಾರಾದರೂ "ಏನು ಕಳಿಸೋಣ" ಅಂದರೆ ನಾನು ದುಡ್ಡು ಕಳಿಸಿ ಅನ್ನುವುದು.

ಇಟ್ಟಿಗೆ_ಗಾರೆ

ನಾನು ಈ ಕಡೆ ಮನೆ ಕಟ್ಟುವ ಲೈನಿನಲ್ಲಿದ್ದೇನೆ. ವಿನಯ್ ಅವರೇ, ಮನೆಗೆ ಸಹಿ ಹಾಕುವ ಮುಂಚೆ ಎರಡು ಕಾಗದ ಕೇಳಿ. ಒಂದು, ಆ ಜಾಗದ ಬ್ಯಾಲ್ ರೇಟಿಂಗ್. ಇನ್ನೊಂದು, ವಿಮೆಯ ಕೋಟ್.

ಬ್ಯಾಲ್ ಅಂದರೆ ಬೆಂಕಿ ಬಂದಾಗ ಆ ಮನೆಗೆ ಎಷ್ಟು ಬಿಸಿ ತಾಗಬಹುದು ಅನ್ನುವ ಲೆಕ್ಕ. 12.5, 19, 29, 40, ಅದರ ಮೇಲೆ ಫ್ಲೇಮ್ ಜೋನ್, ಅಂದರೆ ಜ್ವಾಲೆಯೇ ನೇರ ತಾಗುವ ಜಾಗ. ಆ ನಂಬರು ಒಂದು ಚದರ ಮೀಟರಿಗೆ ಬೀಳುವ ಕಿಲೋವ್ಯಾಟ್. ಇಳಿಜಾರು, ಮರ ಎಷ್ಟು ದೂರ, ಎಂಥ ಗಿಡ ಇವೆಲ್ಲ ನೋಡಿ ಹಾಕುತ್ತಾರೆ. ನಂಬರು ಏರಿದ ಹಾಗೆ ಗಾಜು, ಬಾಗಿಲು, ಸೂರಿನ ಸಂದು, ಡೆಕ್ಕಿನ ಮರ ಎಲ್ಲದಕ್ಕೂ ಬೇರೆ ನಿಯಮ. ಎಷ್ಟೋ ಮನೆ ಹೋಗುವುದು ಜ್ವಾಲೆ ತಾಗಿ ಅಲ್ಲ, ಹಾರಿ ಬರುವ ಕೆಂಡ ಸೂರಿನೊಳಗೆ ನುಗ್ಗಿ. ಅದಕ್ಕೇ ಗಾಳಿಗಿಂಡಿಗೆಲ್ಲ ಸಣ್ಣ ಕಣ್ಣಿನ ಲೋಹದ ಜಾಲರಿ ಕಡ್ಡಾಯ.

ನಿಯಮ ಒಳ್ಳೆಯದೇ. ಆದರೆ ಬ್ಲ್ಯಾಕ್ ಸ್ಯಾಟರ್ಡೇ ಆದ ಒಂದೇ ತಿಂಗಳಲ್ಲಿ ಹೊಸ ಮಾನದಂಡ ಬಂತು. ಅಂದರೆ ಹಳೇ ಮನೆಗೆ ಮಾಡಿಸಿದ್ದ ವಿಮೆ ಹಳೇ ಖರ್ಚಿನದು, ಕಟ್ಟಬೇಕಾದ್ದು ಹೊಸ ಮನೆ. ನಡುವಿನ ದುಡ್ಡು ಯಾರು ಕೊಡಬೇಕು? ಎಷ್ಟೋ ಜನ ಅಡಿಪಾಯದ ಪಕ್ಕದಲ್ಲೇ ಶೆಡ್ ಹಾಕಿಕೊಂಡು, ಕ್ಯಾರವಾನ್‌ನಲ್ಲಿ ಮಲಗಿ ದಿನ ದೂಡಿದರು. ಊರಿಗೆಲ್ಲ ಒಂದೇ ಸಲ ಮನೆ ಬೇಕು, ಆಗ ಬಡಗಿ, ಪ್ಲಂಬರ್ ಎಲ್ಲರ ರೇಟೂ ಮೇಲೆ.

ಅವಶೇಷ ತೆಗೆಯುವ ಕೆಲಸ ಮಾತ್ರ ಬೇಗ ಆಯಿತು. ವಿಮೆ ಇರಲಿ ಬಿಡಲಿ, ಸರ್ಕಾರದ ಖರ್ಚಿನಲ್ಲೇ 3,000ಕ್ಕೂ ಹೆಚ್ಚು ಜಾಗ ಕೆಲವೇ ತಿಂಗಳಲ್ಲಿ ಕ್ಲೀನು. ಹಳೇ ಮನೆಗಳಲ್ಲಿ ಆಸ್ಬೆಸ್ಟಾಸ್ ಶೀಟು ಇರುತ್ತದೆ, ಮನೆಯವರೇ ಕೈ ಹಾಕುವ ಹಾಗಿರಲಿಲ್ಲ.

ಕ್ಯಾನ್‌ಬೆರಾ_ಶ್ರೀನಿ

ಎಲ್ಲರೂ ಕಷ್ಟ ಕಷ್ಟ ಅಂತೀರ. ದುಡ್ಡಿನ ಲೆಕ್ಕವನ್ನೂ ನೋಡಿ. ಜನ ಕೊಟ್ಟ ದೇಣಿಗೆಯೇ 37 ಕೋಟಿ ಡಾಲರ್ ಮೀರಿತ್ತು. ಕಿಲ್ಮೋರ್ ಬೆಂಕಿಯ ಸಾಮೂಹಿಕ ದಾವೆ 2014ರಲ್ಲಿ ರಾಜಿಯಾದಾಗ ಸುಮಾರು 49 ಕೋಟಿ. ಮೇರೀಸ್‌ವಿಲ್ ಕಡೆಯ ಬೆಂಕಿಗೆ ಮುಂದಿನ ವರ್ಷ ಇನ್ನೂ 30 ಕೋಟಿ. ರಾಯಲ್ ಕಮಿಷನ್ ಅನ್ನುವ ತನಿಖಾ ಆಯೋಗ ಕೂತು 67 ಶಿಫಾರಸು ಕೊಟ್ಟಿತು. ನಮ್ಮ ದೇಶದಲ್ಲಿ ಇಷ್ಟು ಯಾರಿಗೆ ಸಿಗುತ್ತದೆ? ಇಷ್ಟಾದಮೇಲೂ ಚೇತರಿಸಿಕೊಂಡಿಲ್ಲ ಅಂದರೆ ನನಗೇಕೋ ಅರ್ಥ ಆಗುವುದಿಲ್ಲ.

ಸುಮಾ_ಎಲ್ಥಂ

ಶ್ರೀನಿ ಅವರೇ, ಲೆಕ್ಕ ಸರಿ. ತಾರೀಖೂ ನೋಡಿ. ದಾವೆಯ ರಾಜಿ 2014ರಲ್ಲಿ, ಹಣ ಜನರ ಕೈ ಸೇರುವಾಗ 2016 ಮುಗಿಯುತ್ತಾ ಬಂದಿತ್ತು. ಒಬ್ಬೊಬ್ಬರ ನಷ್ಟವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕಿತ್ತು, ತಡ ಆಗಿದ್ದು ಸಹಜವೇ. ಆದರೆ 2009ರಲ್ಲಿ ಆರನೇ ಕ್ಲಾಸಿನಲ್ಲಿದ್ದ ಹುಡುಗ ಅಷ್ಟು ಹೊತ್ತಿಗೆ ಸ್ಕೂಲು ಮುಗಿಸಿ ಆಗಿತ್ತು.

ಮೆಲ್ಬರ್ನ್ ವಿಶ್ವವಿದ್ಯಾಲಯದವರು 'ಬಿಯಾಂಡ್ ಬುಷ್‌ಫೈರ್ಸ್' ಅಂತ ಒಂದು ದೊಡ್ಡ ಅಧ್ಯಯನ ಮಾಡಿದರು. ವರ್ಷಗಟ್ಟಲೆ ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿದ್ದು ಅದರ ವಿಶೇಷ. ಹೆಚ್ಚಿನವರು ಚೇತರಿಸಿಕೊಂಡಿದ್ದರು, ಅದೂ ನಿಜ. ಆದರೆ ಜೋರಾಗಿ ಪೆಟ್ಟು ಬಿದ್ದ ಊರುಗಳಲ್ಲಿ ಐದು ವರ್ಷದ ನಂತರವೂ ಶೇ. 22ರಷ್ಟು ಜನರಿಗೆ ಖಿನ್ನತೆ, ಆಘಾತದ ಲಕ್ಷಣಗಳು ಇದ್ದವು. ಸಾಮಾನ್ಯವಾಗಿ ಇರುವುದರ ಎರಡರಷ್ಟು. ಅದಕ್ಕೆ ಬೆಂಕಿಯೊಂದೇ ಕಾರಣ ಅಲ್ಲ. ಆಮೇಲೆ ಕೆಲಸ ಹೋಗಿದ್ದು, ಸಂಸಾರ ಒಡೆದಿದ್ದು ಎಲ್ಲ ಸೇರಿತ್ತು. ಗಂಡಸರ ಸಿಟ್ಟು ಮನೆಯೊಳಗೆ ಹೊರಳಿದ್ದೂ ಆ ಅಧ್ಯಯನದಲ್ಲಿದೆ. ಬೆಂಕಿ ಜಾಸ್ತಿ ಬಿದ್ದ ಕಡೆ ಹೆಂಗಸರ ಮೇಲಿನ ಹಿಂಸೆ ಜಾಸ್ತಿಯಾಗಿತ್ತು. ನಾನು ಮನೆ ಭೇಟಿಗೆ ಹೋಗುತ್ತಿದ್ದಾಗ ಕಣ್ಣಾರೆ ಕಂಡದ್ದೂ ಇದೇ, ಆಗ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಸರ್ಕಾರದ ಯೋಜನೆಗಳು ಎರಡು ವರ್ಷಕ್ಕೆಲ್ಲ ಮುಗಿದುಬಿಡುತ್ತವೆ. ಐದು ವರ್ಷದ ಲೆಕ್ಕ ಇಟ್ಟುಕೊಳ್ಳಿ ಅಂತ ಆ ಸಂಶೋಧಕರು ಹೇಳಿದರು. ನನ್ನ ಅನುಭವವೂ ಅದೇ. ಮೂರನೇ ವರ್ಷದಲ್ಲಿ ಮನೆ ಕಟ್ಟಿ ಮುಗಿಯುತ್ತದೆ, ಗೃಹಪ್ರವೇಶ ಆಗುತ್ತದೆ, ಆಗ ಮನುಷ್ಯ ಕುಸಿಯುತ್ತಾನೆ. ಅಷ್ಟು ಹೊತ್ತಿಗೆ ಕೌನ್ಸೆಲರ್ ಆಫೀಸು ಖಾಲಿ.

ಬೇಲಿ_ರಮೇಶ

ಸುಮಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರಿನವನು. ನನಗೆ ಗೊತ್ತಿರುವುದು ಬೇಲಿ.

ಬ್ಲೇಜ್‌ಏಯ್ಡ್ ಅಂತ ಒಂದು ಸಂಸ್ಥೆ ಇದೆ. 2009ರಲ್ಲಿ ಕಿಲ್ಮೋರ್ ಈಸ್ಟಿನ ಒಬ್ಬ ರೈತ ದಂಪತಿಯ ಬೇಲಿ ಪೂರ್ತಿ ಸುಟ್ಟಿತು. ಕುರಿ ರಸ್ತೆಗೆ ಹೋಗುತ್ತವೆ, ಯಾರಾದರೂ ಕೈಜೋಡಿಸಿ ಅಂತ ಕೇಳಿಕೊಂಡರು. ಜನ ಬಂದರು, ಬೇಲಿ ಎದ್ದಿತು. ಇವರು ಅಷ್ಟಕ್ಕೆ ಸುಮ್ಮನಾಗದೆ ಪಕ್ಕದವರದ್ದಕ್ಕೂ ಹೊರಟರು. ಈಗ ದೇಶದಲ್ಲಿ ಎಲ್ಲಿ ಬೆಂಕಿ, ಪ್ರವಾಹ ಆದರೂ ಊರಿನ ಮೈದಾನದಲ್ಲಿ ಇವರ ಕ್ಯಾಂಪ್ ಬೀಳುತ್ತದೆ. ರಿಟೈರ್ ಆದ ಅಜ್ಜ ಅಜ್ಜಿಯರು ಕ್ಯಾರವಾನ್ ಕಟ್ಟಿಕೊಂಡು ಬರುತ್ತಾರೆ. ನಾನು 2020ರಲ್ಲಿ ಪೂರ್ವ ಗಿಪ್ಸ್‌ಲ್ಯಾಂಡ್ ಕಡೆಯ ಕ್ಯಾಂಪಿಗೆ ರಜೆ ಹಾಕಿ ಹೋಗಿದ್ದೆ.

ಬೇಲಿ ಅಂದರೆ ಏನು ಮಹಾ ಅಂದುಕೊಳ್ಳಬೇಡಿ. ಸುಟ್ಟ ತಂತಿ ನೋಡಲು ಚೆನ್ನಾಗೇ ಇರುತ್ತದೆ. ಆದರೆ ಕಾದು ಹದ ಕಳೆದುಕೊಂಡಿರುತ್ತದೆ, ಸತುವಿನ ಲೇಪ ಹೋಗಿರುತ್ತದೆ. ಬಿಗಿದರೆ ಹಿಗ್ಗುತ್ತದೆ, ಬಿಟ್ಟರೆ ತುಕ್ಕು. ಅದನ್ನೆಲ್ಲ ಕತ್ತರಿಸಿ ಸುರುಳಿ ಸುತ್ತಬೇಕು, ಕಬ್ಬಿಣದ ಗೂಟ ಕೀಳಬೇಕು. ಮರದ ಗೂಟ ಇದ್ದರೆ ಇನ್ನೊಂದು ತಲೆನೋವು. ಹುಳ ಹಿಡಿಯಬಾರದು ಅಂತ ಪೈನ್ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿರುತ್ತಾರೆ. ಸುಟ್ಟರೆ ಬೂದಿಯಲ್ಲಿ ವಿಷ ಉಳಿಯುತ್ತದೆ. ದನ ನೆಕ್ಕಿದರೆ ಕತೆ ಮುಗಿಯಿತು. ಗೂಟ ಸುಟ್ಟ ಬೂದಿ ಕಂಡರೆ ಮುಟ್ಟಬೇಡಿ ಅಂತ ಮೊದಲ ದಿನವೇ ಹೇಳಿದರು.

ನಾವು ಕೆಲಸ ಮಾಡಿದ ಒಂದು ಫಾರ್ಮಿನ ಮುದುಕ ಮೊದಲೆರಡು ದಿನ ಮನೆಯಿಂದ ಆಚೆಗೇ ಬರಲಿಲ್ಲ. ಗಾಯಗೊಂಡ ತನ್ನ ದನಗಳಿಗೆ ತಾನೇ ಗುಂಡು ಹೊಡೆದು ಹೂತಿದ್ದ. ಆಮೇಲೆ ಒಂದು ದಿನ ಬಂದು "ಆ ಮೂಲೆ ಗೂಟ ಸೊಟ್ಟ ಇದೆ" ಅಂತ ಬೈದ. ನಮ್ಮ ಕ್ಯಾಂಪಿನ ಹಿರಿಯರಿಗೆ ಖುಷಿಯೋ ಖುಷಿ. ಬೈಯಲು ಶುರು ಮಾಡಿದರೆ ಇನ್ನು ಪರವಾಗಿಲ್ಲವಂತೆ. ಮರುದಿನದಿಂದ ತಂತಿ ಬಿಗಿಯುವ ಸ್ಟ್ರೈನರ್ ಹಿಡಿದುಕೊಂಡು ಅವನೇ ಮುಂದೆ. ಚಹಾ ಹೊತ್ತಿನಲ್ಲಿ ಪಕ್ಕದ ಫಾರ್ಮಿನವನೂ ಬಂದು ಕೂರುತ್ತಿದ್ದ. ಬೆಂಕಿ ಆದಾಗಿನಿಂದ ಇಬ್ಬರೂ ಮಾತಾಡಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಮಾರ್ಚಿನಲ್ಲಿ ಕೋವಿಡ್ ಬಂತು, ಎಲ್ಲ ನಿಂತಿತು. ಆ ಕಡೆಯ ಜನರಿಗೆ ಅದು ಎರಡನೇ ಹೊಡೆತ. ಸೇರಿ ಅಳಲೂ ಆಗಲಿಲ್ಲ.

ಟೀಚರಮ್ಮ_ವಿಕ್

ಮಕ್ಕಳ ವಿಷಯ ಯಾರೂ ಬರೆದಿಲ್ಲ, ನಾನು ಸೇರಿಸುತ್ತೇನೆ. ಸುಮಾ ಅವರು ಹೇಳಿದ ತಂಡದವರೇ ಶಾಲೆಗಳ ಫಲಿತಾಂಶವನ್ನೂ ನೋಡಿದರು. ಹೆಚ್ಚು ಸುಟ್ಟ ಊರುಗಳ ಶಾಲೆಗಳಲ್ಲಿ, ಬೆಂಕಿ ಆಗಿ ಎರಡರಿಂದ ನಾಲ್ಕು ವರ್ಷ ಕಳೆದಮೇಲೂ, ಮೂರರಿಂದ ಐದನೇ ಕ್ಲಾಸಿಗೆ ಬರುವಾಗ ಓದು, ಲೆಕ್ಕ ಎರಡರಲ್ಲೂ ಆಗಬೇಕಾದಷ್ಟು ಪ್ರಗತಿ ಆಗಿರಲಿಲ್ಲ. ನನಗೆ ಆಶ್ಚರ್ಯ ಆಗಲಿಲ್ಲ. ಉತ್ತರದ ಗಾಳಿ ಬೀಸುವ ದಿನ ಕ್ಲಾಸಿನಲ್ಲಿ ಅರ್ಧ ಮಕ್ಕಳ ಕಣ್ಣು ಕಿಟಕಿ ಕಡೆಗೇ ಇರುತ್ತದೆ.

ಸ್ಟ್ರ್ಯಾಥೂವನ್ ಅಂತ ಪುಟ್ಟ ಊರು, ಒಂದೇ ದಿನದಲ್ಲಿ 27 ಜನರನ್ನು ಕಳೆದುಕೊಂಡಿತು. ಶಾಲೆ ಹೋಯಿತು, ಊರಿನ ಹಾಲ್ ಕೂಡ ಹೋಯಿತು. ಆ ಊರಿನವರು ಬೇಗ ತಮ್ಮದೇ ಸಂಘ ಕಟ್ಟಿಕೊಂಡರು. ಏನು ಮೊದಲು ಕಟ್ಟಬೇಕು, ನೆನಪಿನ ಕಲ್ಲು ಎಲ್ಲಿ ಹಾಕಬೇಕು ಅನ್ನುವುದನ್ನೆಲ್ಲ ತಾವೇ ಕೂತು ಮಾತಾಡಿದರು. ಜಗಳವೂ ಆಡಿದರು. ಮುಂದೆ ಅಲ್ಲಿನ ಶಾಲೆ ಅಗ್ನಿಶಾಮಕ ಸ್ವಯಂಸೇವಕರ ಜೊತೆ ಸೇರಿ ಮಕ್ಕಳಿಗೆ ಬೆಂಕಿಯ ಪಾಠ ಶುರು ಮಾಡಿತು. ಹೆದರಿಸುವ ಪಾಠ ಅಲ್ಲ. ಒಣ ಎಲೆಯಲ್ಲಿ ಪಸೆ ಎಷ್ಟಿದೆ ಅಂತ ಮಕ್ಕಳೇ ನೋಡುತ್ತಾರೆ, ಗಾಳಿ ಅಳೆಯುತ್ತಾರೆ, ಮನೆಯ ಪ್ಲಾನು ಬರೆಯುತ್ತಾರೆ. ಜೇಡಿಮಣ್ಣಿನ ಬೊಂಬೆಗಳಲ್ಲಿ ಆನಿಮೇಷನ್ ಮಾಡಿ ದೊಡ್ಡವರಿಗೆ ತೋರಿಸಿದ್ದಾರೆ. ನಮ್ಮ ಶಾಲೆಯಲ್ಲೂ ಇಂಥದ್ದು ಮಾಡಬೇಕು ಅಂತ ನನಗೆ ಆಸೆ, ಪ್ರಿನ್ಸಿಪಾಲರು ಬಜೆಟ್ ಅನ್ನುತ್ತಾರೆ!

ಆ ಊರಿಗೆ ಹೋದರೆ ಕಮ್ಮಾರರ ಮರ ನೋಡಿ ಬನ್ನಿ. ಸ್ಟೀಲಿನದೇ ಒಂದು ನೀಲಗಿರಿ ಮರ, ಸುಮಾರು ಹತ್ತು ಮೀಟರ್ ಎತ್ತರ. ಎಲೆಗಳನ್ನು ಬೇರೆ ಬೇರೆ ದೇಶದ ಕಮ್ಮಾರರು ಬಡಿದು ಕಳಿಸಿದ್ದು. ಎಲೆ ಮೇಲೆ ಹೆಸರುಗಳಿವೆ.

ಮಡಿಕೇರಿ_ಮಳೆ

ಊರಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗಿನ ಕತೆಯೂ ಹೀಗೇ. ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಹೊಸ ಮನೆ ಕಟ್ಟಿಕೊಟ್ಟರು. ಮನೆ ಗಟ್ಟಿ ಇದೆ. ಆದರೆ ತೋಟ ಒಂದು ಕಡೆ, ಮನೆ ಇನ್ನೊಂದು ಕಡೆ. ಅಕ್ಕಪಕ್ಕದವರು ಬೇರೆ ಬೇರೆ ಊರಿನವರು. ಅಜ್ಜಿಯಂದಿರಿಗೆ ಮಾತಾಡಲು ಜನವೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಜನರನ್ನು ಬೇರೆ ಕಡೆಗೆ ಕಳಿಸಲಿಲ್ವಾ?

ಇಟ್ಟಿಗೆ_ಗಾರೆ

ಬಲವಂತ ಇರಲಿಲ್ಲ. ಕುಸಿದ ಗುಡ್ಡದಲ್ಲಿ ಮತ್ತೆ ಕಟ್ಟಲು ನೆಲವೇ ಇರುವುದಿಲ್ಲ, ಬೆಂಕಿಯಲ್ಲಿ ನೆಲ ಉಳಿಯುತ್ತದೆ. ಹಾಗಾಗಿ ಎಷ್ಟೋ ಜನ ಅಲ್ಲೇ ಕಟ್ಟಿದರು. ತೀರಾ ಅಪಾಯದ ಜಾಗದವರು ಇಷ್ಟಪಟ್ಟರೆ ಸರ್ಕಾರವೇ ಕೊಂಡುಕೊಳ್ಳುವ ಯೋಜನೆ ಬಂತು, ರಾಯಲ್ ಕಮಿಷನ್ ಹೇಳಿದಮೇಲೆ. ಕಟ್ಟುವ ತನಕ ಇರಲಿ ಅಂತ ಫ್ಲವರ್‌ಡೇಲ್, ಮೇರೀಸ್‌ವಿಲ್, ಕಿಂಗ್‌ಲೇಕ್‌ಗಳಲ್ಲಿ ತಾತ್ಕಾಲಿಕ ಹಳ್ಳಿ ಮಾಡಿದರು. ಸಣ್ಣ ಸಣ್ಣ ಮನೆ, ಅಡುಗೆಮನೆ ಎಲ್ಲರಿಗೂ ಸೇರಿ. ಊರಿನವರು ಊರಿನ ಹತ್ತಿರವೇ ಉಳಿದರು, ಅದೊಂದು ಒಳ್ಳೆ ಕೆಲಸ.

ಸುಮಾ_ಎಲ್ಥಂ

ಮಡಿಕೇರಿಯವರೇ, ನಿಮ್ಮ ಅಜ್ಜಿಯಂದಿರ ಮಾತು ಮನಸ್ಸಿಗೆ ತಾಗಿತು. ಇಲ್ಲೂ ಊರು ಬಿಟ್ಟು ಹೋದವರು ತುಂಬಾ ಜನ. ಒಂದು ಗಂಟೆಯಲ್ಲಿ ಊರಿಗೆ ಬಂದು ಹೋಗಬಹುದಾದ ದೂರದಲ್ಲೇ ಇರುತ್ತಾರೆ, ಆದರೆ ಬರುವುದಿಲ್ಲ. ಅವರನ್ನು ಸೋತವರು ಅಂತ ನೋಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಮಗು ಕಳೆದುಕೊಂಡ ಜಾಗದಲ್ಲೇ ಮತ್ತೆ ಮನೆ ಕಟ್ಟು ಅನ್ನಲು ನಾವು ಯಾರು? ಹೋದದ್ದೇ ಒಳ್ಳೆಯದಾಯಿತು ಅನ್ನುವವರೂ ಇದ್ದಾರೆ.

ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು, ಅದು ನನಗೆ ಬಹಳ ಹಿಡಿಸಿತು. ಒಂದೋ ಎರಡೋ ಊರಿನ ಗುಂಪುಗಳಲ್ಲಿ, ಕ್ರಿಕೆಟ್ಟೋ ಹಾಡೋ ಏನೋ ಒಂದು, ಸೇರಿಕೊಂಡವರ ಮನಸ್ಸು ಬೇಗ ಸುಧಾರಿಸಿತ್ತು. ಎಲ್ಲ ಕಮಿಟಿಯಲ್ಲೂ ಇದ್ದವರಿಗೆ ಅಷ್ಟು ಲಾಭ ಇಲ್ಲ! ನಮ್ಮ ಕನ್ನಡ ಸಂಘಗಳ ಕಾರ್ಯದರ್ಶಿಗಳು ಓದಿಕೊಳ್ಳಲಿ.

ಕಾಡುಪಾಪ

ಕಾಡಿನ ಬಗ್ಗೆ ಎರಡು ಮಾತು, ಯಾಕೆಂದರೆ ವಿನಯ್ ಕಾಡು ನೋಡಿಯೇ ಅಲ್ಲಿಗೆ ಹೊರಟಿದ್ದು.

ಅಲ್ಲಿನ ಎಷ್ಟೋ ನೀಲಗಿರಿ ಜಾತಿಗಳು ಸುಟ್ಟರೂ ಸಾಯುವುದಿಲ್ಲ. ತೊಗಟೆಯ ಕೆಳಗೆ ಮಲಗಿರುವ ಮೊಗ್ಗುಗಳು ಏಳುತ್ತವೆ. ಕೆಲವು ವಾರದಲ್ಲಿ ಕಪ್ಪು ಕಾಂಡದ ಉದ್ದಕ್ಕೂ ಹಸಿರು ಕುಚ್ಚು. ಪತ್ರಿಕೆಗಳಿಗೆ ಅದರ ಫೋಟೋ ಅಂದರೆ ಪ್ರಾಣ, "ಕಾಡು ಮತ್ತೆ ಚಿಗುರಿತು" ಅಂತ ಹಾಕಿಬಿಡುತ್ತಾರೆ. ಆದರೆ ಮೌಂಟನ್ ಆಶ್ ಅನ್ನುವ ಆ ಮಹಾ ಎತ್ತರದ ಮರ ಹಾಗಲ್ಲ. ಬೆಂಕಿ ಜೋರಾದರೆ ಸತ್ತೇ ಹೋಗುತ್ತದೆ. ಮೇಲಿನಿಂದ ಬೀಜ ಉದುರಿ ಬೂದಿಯಲ್ಲಿ ಹೊಸ ಸಸಿ ಏಳಬೇಕು. ಆ ಸಸಿ ಬೀಜ ಬಿಡಲು 15ರಿಂದ 20 ವರ್ಷ ಬೇಕು. ಅದರೊಳಗೆ ಇನ್ನೊಂದು ಬೆಂಕಿ ಬಂದರೆ ಬೀಜವೇ ಇಲ್ಲ, ಆ ಕಾಡೂ ಇಲ್ಲ. ಹಾಗಾದ ಕಡೆ ಅರಣ್ಯ ಇಲಾಖೆ ಹೆಲಿಕಾಪ್ಟರ್‌ನಿಂದ ಬೀಜ ಎರಚುತ್ತದೆ. ಹಳೇ ಮರದ ಪೊಟರೆಯಲ್ಲಿ ವಾಸಿಸುವ ಲೆಡ್‌ಬೀಟರ್ಸ್ ಪೊಸಂ ಅನ್ನುವ ಪುಟ್ಟ ಪ್ರಾಣಿಗೆ ಪೊಟರೆ ಸಿಗಬೇಕಾದರೆ ಇನ್ನೂ ನೂರು ವರ್ಷ ಮೇಲೆ ಬೇಕು.

ಕ್ಯಾನ್‌ಬೆರಾ_ಶ್ರೀನಿ

ಸುಮಾ ಮೇಡಂ, ನಿಮ್ಮ ಮಾತು ಒಪ್ಪಿದೆ, ಅರ್ಧ. ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ಮಾತ್ರ ಬಿಡುವುದಿಲ್ಲ. 2019-20ರ ಬೇಸಿಗೆಯ ಭಾರೀ ಕಾಡ್ಗಿಚ್ಚು, ಬ್ಲ್ಯಾಕ್ ಸಮ್ಮರ್ ಅನ್ನುತ್ತಾರಲ್ಲ, ಆಗ ಸೆಲೆಸ್ಟ್ ಬಾರ್ಬರ್ ಅನ್ನುವ ಹಾಸ್ಯ ಕಲಾವಿದೆ 5 ಕೋಟಿ ಡಾಲರಿಗೂ ಜಾಸ್ತಿ ಎತ್ತಿದರು. ಕೊಟ್ಟವರಲ್ಲಿ ಎಷ್ಟೋ ಜನ ಮನೆ ಕಳೆದುಕೊಂಡವರಿಗೆ, ಪ್ರಾಣಿಗಳಿಗೆ ಹೋಗುತ್ತದೆ ಅಂದುಕೊಂಡಿದ್ದರು. ದೇಣಿಗೆ ಕೇಳಿದ ಪುಟದಲ್ಲಿ ಬರೆದಿದ್ದು ನ್ಯೂ ಸೌತ್ ವೇಲ್ಸ್ ಗ್ರಾಮೀಣ ಅಗ್ನಿಶಾಮಕ ದಳದ ಟ್ರಸ್ಟಿನ ಹೆಸರು. ಕೋರ್ಟು ಆ ಟ್ರಸ್ಟಿನ ಉದ್ದೇಶಕ್ಕೇ ಬಳಸಬೇಕು ಅಂದಿತು. ಕಾನೂನು ಪ್ರಕಾರ ಸರಿಯೇ. ಕೊಡುವ ಮುಂಚೆ ಓದಿ ಅಂತ ಅಷ್ಟೇ ನನ್ನ ವಾದ.

ಬೇಲಿ_ರಮೇಶ

ಅದೇ ಹೊತ್ತಿನಲ್ಲಿ ಬೇರ್ನ್ಸ್‌ಡೇಲ್‌ನಲ್ಲಿ ಸಿಖ್ ಸ್ವಯಂಸೇವಕರು ವ್ಯಾನ್ ನಿಲ್ಲಿಸಿ ಬಿಸಿ ಬಿಸಿ ಅನ್ನ, ಕರಿ ಬಡಿಸುತ್ತಿದ್ದರು. ಯಾವ ಅರ್ಜಿಯೂ ಇಲ್ಲ, ತಟ್ಟೆ ಹಿಡಿದರೆ ಊಟ. ಮಲ್ಲಕೂಟಾದಲ್ಲಿ 2019ರ ಡಿಸೆಂಬರ್ 31ಕ್ಕೆ ಸುಮಾರು 4,000 ಜನ ಸಮುದ್ರ ತೀರದಲ್ಲಿ ಸಿಕ್ಕಿಕೊಂಡು, ಕೊನೆಗೆ ನೌಕಾಪಡೆಯ ಹಡಗು ಬಂದಿತ್ತಲ್ಲ, ಆ ಊರಿನವರು ಆಮೇಲೆ ವೋಟು ಹಾಕಿ ತಮ್ಮದೇ ಚೇತರಿಕೆ ಸಂಘ ಆರಿಸಿಕೊಂಡರು. ಟೀಚರಮ್ಮ ಹೇಳಿದ ಊರಿನ ಹಾಗೇ. ಎರಡೂ ಕಡೆ ಅಧಿಕಾರಿಗಳು ಬಂದರೆ ಮಾತಾಡಲು ಊರಿನ ಪರವಾಗಿ ಒಬ್ಬರು ಇರುತ್ತಿದ್ದರು. ಅದಿಲ್ಲದ ಕಡೆ ದಿನಕ್ಕೊಂದು ಇಲಾಖೆ ಬಂದು ಅದೇ ಪ್ರಶ್ನೆ ಕೇಳುತ್ತದೆ, ಜನ ಅದೇ ಕತೆ ಮತ್ತೆ ಮತ್ತೆ ಹೇಳಿ ಸುಸ್ತಾಗುತ್ತಾರೆ.

ವಿನಯ್_ಮೆಲ್ಬರ್ನ್

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಇಬ್ಬರೂ ಕೂತು ಪೂರ್ತಿ ಓದಿದೆವು. ವಿಮೆ ಕೋಟ್ ತರಿಸಿದೆ, ಎದೆ ಒಡೆಯಿತು. ಆದರೂ ಆಸೆ ಬಿಟ್ಟಿಲ್ಲ. ಅಲ್ಲಿ ಹೋದಮೇಲೆ ಜನರ ಹತ್ತಿರ ಆ ದಿನದ ಬಗ್ಗೆ ಕೇಳಬಹುದಾ, ಕೇಳಬಾರದಾ?

ಸುಮಾ_ಎಲ್ಥಂ

ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಫೆಬ್ರವರಿ 7ರ ಆಸುಪಾಸು ಪಾರ್ಟಿ, ಪಟಾಕಿ ಇಟ್ಟುಕೊಳ್ಳಬೇಡಿ. ಶರತ್ಕಾಲದಲ್ಲಿ (ಇಲ್ಲಿ ಮಾರ್ಚ್‌ನಿಂದ ಮೇ) ಇಲಾಖೆಯವರೇ ಕಾಡಿಗೆ ಸಣ್ಣ ಬೆಂಕಿ ಹಾಕುತ್ತಾರೆ, ಆ ಹೊಗೆ ವಾಸನೆಗೇ ಕೆಲವರು ಮನೆಯಿಂದ ಹೊರಬರುವುದಿಲ್ಲ. ಆ ದಿನ ಪಕ್ಕದವರಿಗೆ ಒಂದು ಫೋನ್ ಮಾಡಿ ಸಾಕು.

ಮತ್ತೆ ಮನೆಯನ್ನು ವಸಂತದಲ್ಲಿ ನೋಡಿ ಮರುಳಾಗಬೇಡಿ. ಫೆಬ್ರವರಿಯಲ್ಲಿ, ಉತ್ತರದ ಗಾಳಿ ಬೀಸುವ ಒಂದು ಸುಡು ಮಧ್ಯಾಹ್ನ ಹೋಗಿ ಆ ಅಂಗಳದಲ್ಲಿ ನಿಂತುಕೊಳ್ಳಿ. ಬೆಂಕಿಯ ಅಪಾಯ ಎಕ್ಸ್ಟ್ರೀಮ್, ಕ್ಯಾಟಾಸ್ಟ್ರೋಫಿಕ್ (ಎಲ್ಲಕ್ಕಿಂತ ಮೇಲಿನ ಎರಡು ಮಟ್ಟ) ಅಂತ ಸಾರಿದ ದಿನ ಮಾತ್ರ ಬೇಡ. ಕ್ಯಾಟಾಸ್ಟ್ರೋಫಿಕ್ ದಿನವಂತೂ ಅಲ್ಲಿ ಮನೆ ಇದ್ದವರೇ ಹಿಂದಿನ ರಾತ್ರಿ ಅಥವಾ ಬೆಳಿಗ್ಗೆ ಬೇಗ ಹೊರಟುಬಿಡಬೇಕು. ಹೆಂಡತಿಗೂ ಅಂಗಳ ತೋರಿಸಿ, ಆಮೇಲೆ ಇಬ್ಬರೂ ಕೂತು ತೀರ್ಮಾನ ಮಾಡಿ.

ಇಟ್ಟಿಗೆ_ಗಾರೆ

ಮನೆಯಿಂದ 10 ಮೀಟರ್ ಒಳಗಿನ ಮರ, 30 ಮೀಟರ್ ಒಳಗಿನ ಪೊದೆ ಪರ್ಮಿಟ್ ಇಲ್ಲದೆ ತೆಗೆಯಬಹುದು ಅನ್ನುವ ನಿಯಮ 2009ರಿಂದ ಇದೆ. ಎಲ್ಲ ಜಾಗಕ್ಕೂ, ಎಲ್ಲ ಮನೆಗೂ ಅನ್ವಯಿಸುವುದಿಲ್ಲ, ಗರಗಸ ಹಿಡಿಯುವ ಮುಂಚೆ ಕೌನ್ಸಿಲ್‌ನಲ್ಲಿ ಕೇಳಿ. ನೀರಿನ ಟ್ಯಾಂಕು ಪ್ಲಾಸ್ಟಿಕ್ಕಿನದಿದ್ದರೆ ಕಾಂಕ್ರೀಟ್ ಅಥವಾ ಸ್ಟೀಲಿಗೆ ಬದಲಿಸಿ, ಪ್ಲಾಸ್ಟಿಕ್ ಕರಗುತ್ತದೆ. ಪಂಪು ಪೆಟ್ರೋಲಿನದು ಇರಲಿ, ಕರೆಂಟು ಮೊದಲು ಹೋಗುತ್ತದೆ.

ವಿನಯ್_ಮೆಲ್ಬರ್ನ್

ಸರಿ ಸುಮಕ್ಕ, ಫೆಬ್ರವರಿಗೇ ಹೋಗುತ್ತೇವೆ. ರಮೇಶಣ್ಣ, ಮುಂದಿನ ಬೇಲಿ ಕ್ಯಾಂಪ್ ಬಿದ್ದರೆ ನನಗೂ ತಿಳಿಸಿ. ಏನೇನು ತರಬೇಕು?

ಬೇಲಿ_ರಮೇಶ

ಖಂಡಿತ. ಗಟ್ಟಿ ಬೂಟು, ಚರ್ಮದ ಗ್ಲೌಸು, ಅಗಲ ಅಂಚಿನ ಟೋಪಿ, ಉದ್ದ ತೋಳಿನ ಅಂಗಿ. ಊಟ ಕ್ಯಾಂಪಿನದೇ. ಸಸ್ಯಾಹಾರಿ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮೂರು ಹೊತ್ತೂ ಚೀಸ್ ಸ್ಯಾಂಡ್‌ವಿಚ್ಚೇ ಗತಿ. ನಾನು ಚಟ್ನಿಪುಡಿ ತರುತ್ತೇನೆ.